ಪೋಕರ್‌ನಲ್ಲಿ ದೊಡ್ಡ ಎಲೆ ಕೈಯಲ್ಲಿದ್ದೂ ಮಡಚೋದು (ಫೋಲ್ಡ್, ಅಂದರೆ ಎಲೆ ಬಿಟ್ಟು ಹಿಂದೆ ಸರಿಯೋದು) ಯಾವಾಗ? ನನ್ನ ಎರಡು ಆಟ, ನಿಮ್ಮ ಅಭಿಪ್ರಾಯ ಹೇಳಿ

ಕೋಡಿಬಾಗದವ · ಜುಲೈ 9, ರಾತ್ರಿ 9:40

ಕಾರವಾರದಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ. ಬೀಚ್ ಕಡೆ ಹೋಗುವ ಹಾಗಿಲ್ಲ, ಕಾಳಿ ಹೊಳೆ ಕೆಂಪಗೆ ತುಂಬಿಕೊಂಡಿದೆ. ಸುಮ್ನೆ ಕೂತು ಹಳೆಯ ಪೋಕರ್ ನೋಟ್‌ಬುಕ್ ತೆಗೆದೆ. ಎರಡು ಆಟ ಇನ್ನೂ ತಲೆ ತಿನ್ನುತ್ತಿವೆ. ಎರಡೂ 2025ರ ಮಾರ್ಚ್ ತಿಂಗಳಿನವು, ಆನ್‌ಲೈನ್ ಟೂರ್ನಮೆಂಟ್. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಅದೇ ವರ್ಷ ಆಗಸ್ಟ್‌ನಲ್ಲಿ ಬಂತು. ಆಮೇಲೆ ನಾವು ಗೆಳೆಯರು ಭಾನುವಾರ ರಾತ್ರಿ ಬಿಟ್ಟಿ ಚಿಪ್ಸ್‌ನಲ್ಲೇ ಆಡುತ್ತೇವೆ. ಆದ್ದರಿಂದ ಆ ಚರ್ಚೆ ಬೇಡ, ಎಲೆ ಬಗ್ಗೆ ಮಾತ್ರ ಮಾತಾಡೋಣ.

ಮೊದಲನೆಯದು. ಸ್ಯಾಟಲೈಟ್, ಅಂದರೆ ದುಡ್ಡಿನ ಬದಲು ದೊಡ್ಡ ಟೂರ್ನಮೆಂಟಿನ ಟಿಕೆಟ್ ಬಹುಮಾನವಾಗಿ ಕೊಡುವ ಆಟ. ಗೋವಾದ ಒಂದು ಲೈವ್ ಟೂರ್ನಮೆಂಟಿಗೆ 10 ಟಿಕೆಟ್, ಒಂದೊಂದರ ಬೆಲೆ 50,000 ರೂಪಾಯಿ. ಉಳಿದವರು 11 ಜನ. ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಹಾಕಬೇಕಾದ ಚಿಪ್ಸ್; ಸಣ್ಣದು ಸ್ಮಾಲ್, ದೊಡ್ಡದು ಬಿಗ್) 3,000 / 6,000. ನಾನು ಬಿಗ್ ಬ್ಲೈಂಡ್, ಬ್ಲೈಂಡ್ ಸೇರಿ 92,000 ಇದೆ, ಎರಡನೇ ಸ್ಥಾನ. ಎಲ್ಲರಿಗಿಂತ ಮುಂದಿದ್ದವನು ನನ್ನ ಪಕ್ಕದಲ್ಲೇ ಸ್ಮಾಲ್ ಬ್ಲೈಂಡ್‌ನಲ್ಲಿ, ಅವನ ಬಳಿ 1,10,000. ಎಲ್ಲರೂ ಬಿಟ್ಟರು, ಅವನು ಆಲ್-ಇನ್ ಅಂದ, ಅಂದರೆ ಇದ್ದ ಚಿಪ್ಸ್ ಎಲ್ಲಾ ಮುಂದೆ ತಳ್ಳಿದ. ನನ್ನ ಕೈಯಲ್ಲಿ ಎರಡು ರಾಜ. ಬೇರೆ ಮೂವರ ಬಳಿ 5,000, 7,000 ಮತ್ತು 9,000 ಅಷ್ಟೇ ಇತ್ತು. ನಾನು ಮಡಚಿದೆ. ನನ್ನ ತಮ್ಮ ಹಿಂದೆ ನಿಂತು ನೋಡುತ್ತಿದ್ದ. ಇವತ್ತಿಗೂ ಊಟಕ್ಕೆ ಕೂತಾಗ "ರಾಜನ್ನ ಬಿಟ್ಟವ" ಅಂತ ಆಡಿಕೊಳ್ಳುತ್ತಾನೆ.

ಎರಡನೆಯದು. ಮಾಮೂಲಿ ಟೂರ್ನಮೆಂಟ್, 180 ಜನ, 27 ಜನಕ್ಕೆ ಬಹುಮಾನ. ಆಗ ಉಳಿದವರು 14. ಬ್ಲೈಂಡ್ 1,000 / 2,000. ನನ್ನ ಬಳಿ 75,000. ಬಟನ್‌ನಲ್ಲಿ (ಹಂಚುವವನ ಜಾಗ) ಇಸ್ಪೀಟ್ ಎಕ್ಕ, ಇಸ್ಪೀಟ್ ರಾಣಿ ಬಂತು, 4,500ಕ್ಕೆ ಏರಿಸಿದೆ. ಬಿಗ್ ಬ್ಲೈಂಡ್‌ನವನು ಕಾಲ್, ಅಂದರೆ ಅಷ್ಟೇ ಹಾಕಿ ಜೊತೆಗೆ ಬಂದ. ಫ್ಲಾಪ್ (ಮೇಜಿನ ಮೇಲೆ ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ): ಇಸ್ಪೀಟ್ ರಾಜ, ಇಸ್ಪೀಟ್ ಒಂಬತ್ತು, ಡೈಮನ್ ನಾಲ್ಕು. 4,000 ಹಾಕಿದೆ, ಕಾಲ್. ಟರ್ನ್ (ನಾಲ್ಕನೇ ಎಲೆ): ಆಟೀನ್ ಒಂಬತ್ತು. 6,000 ಹಾಕಿದೆ, ಕಾಲ್. ರಿವರ್ (ಐದನೇ, ಕೊನೆಯ ಎಲೆ): ಇಸ್ಪೀಟ್ ಎರಡು. ನನ್ನದು ಎಕ್ಕದ ಫ್ಲಶ್ (ಐದೂ ಎಲೆ ಒಂದೇ ಜಾತಿ), ಅದಕ್ಕಿಂತ ದೊಡ್ಡ ಫ್ಲಶ್ ಇಲ್ಲ. ಪಾಟ್ (ನಡುವೆ ಸೇರಿದ ಚಿಪ್ಸ್) 30,000. ಅವನು ಚೆಕ್ (ಏನೂ ಹಾಕಲಿಲ್ಲ), ನಾನು 12,000, ಅವನು ಒಟ್ಟು 40,000ಕ್ಕೆ ಆಲ್-ಇನ್.

ಇಲ್ಲಿ ಏನು ಮಾಡಿದೆ ಅಂತ ಈಗ ಹೇಳುವುದಿಲ್ಲ. ಮೊದಲು ನೀವು ಹೇಳಿ.

ಅಡಿಕೆ ಸಿಪ್ಪೆ · ಜುಲೈ 9, ರಾತ್ರಿ 10:05

ಎರಡು ರಾಜ ಬಿಟ್ಟೆಯಾ? ಅದೂ ಸ್ಮಾಲ್ ಬ್ಲೈಂಡ್‌ನವನು ಏನು ಬೇಕಾದರೂ ಹಿಡಿದು ತಳ್ಳುವ ಜಾಗದಲ್ಲಿ? ನಿನ್ನ ತಮ್ಮನ ಕಡೆ ನಾನು. ಒಬ್ಬ ಎದುರಾಳಿ ಕೈಯಲ್ಲಿ ಎರಡು ಎಕ್ಕ ಇರುವ ಸಾಧ್ಯತೆ 204ರಲ್ಲಿ 1. ಉಳಿದ ಎಲ್ಲದರ ಮುಂದೆ ನೀನೇ ಮೇಲು, ತೀರಾ ಬಿಟ್ಟರೆ ಇನ್ನೆರಡು ರಾಜರ ಮುಂದೆ ಸಮ. ಎರಡನೆಯದರಲ್ಲೂ ಕಾಲ್. ಎಕ್ಕದ ಫ್ಲಶ್ ಬಿಡುವವನು ಇಸ್ಪೀಟಿನ ಪ್ಯಾಕೇ ಮುಟ್ಟಬಾರದು.

ಲೆಕ್ಕದ ಮಾಸ್ತರ್, ಕುಮಟಾ · ಜುಲೈ 9, ರಾತ್ರಿ 10:31

ಸಿಪ್ಪೆ, ಸ್ವಲ್ಪ ತಡಿ. ಮೊದಲನೆಯದು ಚರ್ಚೆಯೇ ಅಲ್ಲ. ಮಡಚಿದ್ದು ಸರಿ. ಎರಡು ಎಕ್ಕ ಇದ್ದರೂ ಮಡಚಬೇಕಿತ್ತು.

ಸ್ಯಾಟಲೈಟ್‌ನಲ್ಲಿ ಮೊದಲು ಬಂದವನಿಗೂ ಹತ್ತನೆಯವನಿಗೂ ಅದೇ ಟಿಕೆಟ್. 92,000 ಚಿಪ್ಸ್ 1,84,000 ಆದರೆ ಟಿಕೆಟ್ ಎರಡಾಗುತ್ತದಾ? ಇಲ್ಲ. ಮೂರು ಜನ ಎರಡು ಬಿಗ್ ಬ್ಲೈಂಡ್ ಕೂಡ ಇಲ್ಲದೆ ಒದ್ದಾಡುತ್ತಿದ್ದಾರೆ. ಬ್ಲೈಂಡ್ ಒಂದು ಸುತ್ತು ತಿರುಗುವುದರೊಳಗೆ ಅವರಲ್ಲಿ ಒಬ್ಬನಾದರೂ ಹೋಗುವುದು ಬಹುತೇಕ ಖಚಿತ. ಇವನು ಮಡಚಿದರೆ ಟಿಕೆಟ್ ಸಿಗುವ ಸಾಧ್ಯತೆ ನೂರಕ್ಕೆ 98ಕ್ಕೆ ಕಡಿಮೆ ಇಲ್ಲ ಅಂತ ನನ್ನ ಅಂದಾಜು. ಕಾಲ್ ಮಾಡಿದರೆ? ಎದುರಿನವನು ಎಲೆ ನೋಡದೆಯೇ ತಳ್ಳಿದ್ದಾನೆ ಅಂತಲೇ ಇಟ್ಟುಕೊ. ಯಾವುದೋ ಎರಡು ಎಲೆಯ ಮುಂದೆ ಎರಡು ರಾಜ ಗೆಲ್ಲುವುದು ನೂರಕ್ಕೆ 82 ಸಲ. ಎರಡು ಎಕ್ಕ 85 ಸಲ. ಸೋತರೆ ಅವನ ಚಿಪ್ಸ್ ಜಾಸ್ತಿ ಇರುವುದರಿಂದ ನೀನು ಹನ್ನೊಂದನೆಯವನು, ಬರಿಗೈ. 98 ಕೈಯಲ್ಲಿ ಇಟ್ಟುಕೊಂಡು 82ಕ್ಕೆ ಯಾರಾದರೂ ಹೋಗ್ತಾರಾ?

ಆ ಮುಂದಿದ್ದವನೂ ದಡ್ಡನಲ್ಲ. ನೀನು ಕಾಲ್ ಮಾಡಲಾರೆ ಅಂತ ಗೊತ್ತಿದ್ದೇ ತಳ್ಳಿದ್ದಾನೆ. ನಿನಗೆ ಸಿಟ್ಟು ಬಂದು ನೀನು ಕಾಲ್ ಮಾಡಿಬಿಟ್ಟರೆ ಅವನಿಗೂ ಕಷ್ಟವೇ, ಸೋತರೆ ಅವನ ಬಳಿ 18,000 ಉಳಿಯುತ್ತಿತ್ತು. ಕುಣಿಯುವವರು ಆ ಮೂರು ಸಣ್ಣ ಚಿಪ್ಸ್‌ನವರು.

ಸ್ಯಾಟಲೈಟ್ ಅಂದರೆ ಕೀಳು ಅಂತ ಯಾರೂ ತಿಳಿಯಬೇಡಿ. 2003ರಲ್ಲಿ ಕ್ರಿಸ್ ಮನಿಮೇಕರ್ ಆನ್‌ಲೈನ್ ಸ್ಯಾಟಲೈಟ್‌ನಿಂದಲೇ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಸ್ಪರ್ಧೆಗೆ ಹೋಗಿ 25 ಲಕ್ಷ ಡಾಲರ್ ಗೆದ್ದದ್ದು. ಟಿಕೆಟ್ ಸಿಕ್ಕ ಮೇಲೆ ಅಲ್ಲಿ ಹೋಗಿ ಎಷ್ಟು ಬೇಕಾದರೂ ಧೈರ್ಯ ತೋರಿಸಬಹುದು.

ಅಡಿಕೆ ಸಿಪ್ಪೆ · ಜುಲೈ 9, ರಾತ್ರಿ 10:44

ಮೊದಲನೆಯದು ಒಪ್ಪಿದೆ. ಟಿಕೆಟ್ ವಿಷಯ ನಾನು ಸರಿಯಾಗಿ ಓದಿರಲಿಲ್ಲ. ಆದರೆ ಎರಡನೆಯದು ಸ್ಯಾಟಲೈಟ್ ಅಲ್ಲವಲ್ಲ. ಅಲ್ಲಿ ಚಿಪ್ಸ್ ಜಾಸ್ತಿ ಆದಷ್ಟೂ ದುಡ್ಡು ಜಾಸ್ತಿ.

ಲೆಕ್ಕದ ಮಾಸ್ತರ್, ಕುಮಟಾ · ಜುಲೈ 9, ರಾತ್ರಿ 11:02

ಜಾಸ್ತಿ ಹೌದು, ಆದರೆ ಅಷ್ಟೇ ಪ್ರಮಾಣದಲ್ಲಿ ಅಲ್ಲ. ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಮೂವರು ಉಳಿದಿದ್ದಾರೆ, ಮೂವರ ಬಳಿಯೂ 5,000 ಚಿಪ್ಸ್. ಬಹುಮಾನ 50, 30, 20 ರೂಪಾಯಿ. ಎಲ್ಲರೂ ಸಮ, ಹಾಗಾಗಿ ಒಬ್ಬೊಬ್ಬನ ಪಾಲಿನ ಬೆಲೆ 33 ರೂಪಾಯಿ 33 ಪೈಸೆ. ಈಗ ನೀನು ಒಬ್ಬನ ಜೊತೆ ಆಲ್-ಇನ್ ಹೋಗಿ ಗೆದ್ದೆ. ನಿನ್ನ ಬಳಿ 10,000, ಇನ್ನೊಬ್ಬನ ಬಳಿ 5,000. ಮೂರರಲ್ಲಿ ಎರಡು ಪಾಲು ನೀನು ಮೊದಲು ಬರುತ್ತೀಯ, ಒಂದು ಪಾಲು ಎರಡನೆಯವನು. ಅಂದರೆ 43 ರೂಪಾಯಿ 33 ಪೈಸೆ. ಚಿಪ್ಸ್ ದುಪ್ಪಟ್ಟಾಯಿತು, ದುಡ್ಡು 10 ರೂಪಾಯಿ ಮಾತ್ರ ಏರಿತು. ಸೋತರೆ 20 ಸಿಗುತ್ತದೆ, ಅಂದರೆ 13 ರೂಪಾಯಿ 33 ಪೈಸೆ ಹೋಯಿತು. ಹದಿಮೂರು ಚಿಲ್ಲರೆ ಪಣ ಇಟ್ಟು ಹತ್ತು ಗೆಲ್ಲುವ ಆಟ ಇದು. ಬ್ಲೈಂಡ್ ಲೆಕ್ಕ ಬಿಟ್ಟರೆ, ನೂರಕ್ಕೆ 50 ಸಲ ಗೆದ್ದರೆ ಸಾಲದು, 57 ಸಲ ಗೆಲ್ಲಬೇಕು.

ಚಿಪ್ಸನ್ನು ಹೀಗೆ ಬಹುಮಾನದ ದುಡ್ಡಿನಲ್ಲಿ ಅಳೆಯುವುದಕ್ಕೇ ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಅನ್ನುವುದು. ಇದರ ಹಿಂದಿರುವ ಸೂತ್ರ 1973ರಲ್ಲಿ ಡೇವಿಡ್ ಹಾರ್ವಿಲ್ ಎಂಬಾತ ಕುದುರೆ ರೇಸಿಗೆ ಅಂತ ಕಂಡುಹಿಡಿದದ್ದು. 1987ರಲ್ಲಿ ಮೇಸನ್ ಮಾಲ್ಮತ್ ಅದನ್ನು ಪೋಕರ್ ಚಿಪ್ಸಿಗೆ ತಂದರು. ಕುದುರೆ ಬಾಲ ಹಿಡಿದುಕೊಂಡು ನಾವು ಎಲೆ ಬಿಡುತ್ತಿದ್ದೇವೆ ಅನ್ನಿ.

ಎರಡನೆಯ ಆಟಕ್ಕೆ ನಾಳೆ ಬರುತ್ತೇನೆ. ಬೆಳಿಗ್ಗೆ ಶಾಲೆ ಇದೆ.

ಬೈತಖೋಲ್ ಬೋಟ್ · ಜುಲೈ 10, ಬೆಳಿಗ್ಗೆ 7:15

ನಮಗೆ ಶಾಲೆಯೂ ಇಲ್ಲ, ಸಮುದ್ರವೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ಬಂದರಿನಲ್ಲೇ. ಬಲೆ ಹೊಲಿಯುವುದು, ಇಸ್ಪೀಟ್ ಆಡುವುದು.

ನಾನು ಲೆಕ್ಕದವನಲ್ಲ. ಎರಡನೆಯದರಲ್ಲಿ ನನ್ನದು ಒಂದೇ ಪ್ರಶ್ನೆ. ನೀನು 12,000 ಹಾಕುವಾಗ, ಅವನು ಮೇಲೆ ಏರಿಸಿದರೆ ಏನು ಮಾಡಬೇಕು ಅಂತ ಯೋಚಿಸಿದ್ದೆಯಾ? ಅಥವಾ ಎಕ್ಕದ ಫ್ಲಶ್ ಕಂಡ ಖುಷಿಗೆ ಒತ್ತಿಬಿಟ್ಟೆಯಾ? ನಾನಂತೂ ಖುಷಿಗೇ ಒತ್ತುವವನು. ಆಮೇಲೆ ಪರದೆ ಮೇಲೆ ಹದಿನೈದು ಸೆಕೆಂಡ್ ಓಡುತ್ತಿರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬೆರಳು ತಾನಾಗಿ ಕಾಲ್ ಮೇಲೆ ಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ಯಾವ ಸೂತ್ರವೂ ನೆನಪಾಗುವುದಿಲ್ಲ.

ಕೋಡಿಬಾಗದವ · ಜುಲೈ 10, ಬೆಳಿಗ್ಗೆ 8:02

ಸಿಕ್ಕಿಹಾಕಿಸಿದೆ ಮಾರಾಯ. ಯೋಚಿಸಿರಲಿಲ್ಲ.

ದೇವಿಮನೆ ತಿರುವು · ಜುಲೈ 10, ಮಧ್ಯಾಹ್ನ 1:20

ಎರಡನೆಯದರಲ್ಲಿ ನಾನು ಕಾಲ್ ಮಾಡುತ್ತೇನೆ, ಮುಜುಗರ ಇಲ್ಲದೆ. ಯಾಕೆ ಅಂದರೆ ಈ "ದೊಡ್ಡ ಎಲೆ ಬಿಟ್ಟೆ" ಅನ್ನುವ ರೋಗ ನನಗೆ ಒಂದು ವರ್ಷ ಇತ್ತು. ವಿಡಿಯೋ ನೋಡಿ ನೋಡಿ ಹಿಡಿದ ರೋಗ. ದೊಡ್ಡ ಆಟಗಾರರು ಎಕ್ಕ ಬಿಟ್ಟು ಎದುರಿನವನ ಎಲೆ ಹೇಳುತ್ತಾರಲ್ಲ, ಹಾಗೆ ನಾನೂ ಅಂತ.

ಒಂದು ಸಲ ಮೊದಲನೇ ಲೆವೆಲ್. ನೂರು ಬಿಗ್ ಬ್ಲೈಂಡ್ ಇದೆ. ಕೈಯಲ್ಲಿ ಐದರ ಜೋಡಿ. ಫ್ಲಾಪ್‌ನಲ್ಲಿ ರಾಣಿ, ಎಂಟು, ಐದು, ಮೂರೂ ಬೇರೆ ಬೇರೆ ಜಾತಿ. ನನಗೆ ಮೂರು ಐದು. ಎದುರಿನವನು ಏರಿಸಿದ, ನಾನು ಏರಿಸಿದೆ, ಅವನು ಎಲ್ಲಾ ಹಾಕಿದ. "ಇವನಿಗೆ ಮೂರು ರಾಣಿ ಇದೆ" ಅಂತ ಮನಸ್ಸಿನಲ್ಲೇ ತೀರ್ಮಾನಿಸಿ ಮಡಚಿದೆ. ಹೆಮ್ಮೆಯಿಂದ ಮಡಚಿದೆ! ಯೋಚಿಸಿ ನೋಡಿ, ಜೋಡಿ ಹಿಡಿದವನಿಗೆ ಫ್ಲಾಪ್‌ನಲ್ಲಿ ಮೂರನೆಯದು ಸಿಗುವುದೇ ಸುಮಾರು ಎಂಟೂವರೆ ಸಲಕ್ಕೆ ಒಂದು ಸಲ. ಸಿಕ್ಕಾಗಲೂ ಬಿಟ್ಟರೆ ಆ ಎಲೆ ಆಡುವುದಾದರೂ ಯಾಕೆ? ಎಕ್ಕ-ರಾಣಿ ಹಿಡಿದವನು, ಎರಡು ಎಕ್ಕ, ಎರಡು ರಾಜ ಹಿಡಿದವನು, ರಾಣಿ-ಎಂಟು ಹಿಡಿದವನು, ಎಲ್ಲರೂ ಅಲ್ಲಿ ಹಾಗೇ ಹಾಕುತ್ತಾರೆ.

ಆನ್‌ಲೈನಿನ ದೊಡ್ಡ ಕಿರಿಕಿರಿ ಇದೇ. ಮಡಚಿದ ಮೇಲೆ ಎದುರಿನವನ ಎಲೆ ಕಾಣುವುದಿಲ್ಲ. ಊರಿನ ಆಟವಾದರೆ ಚಾ ಕುಡಿಯುವಾಗ "ಏನಿತ್ತೋ ನಿನ್ನ ಹತ್ರ" ಅಂತ ಕೇಳಬಹುದು, ಅವನು ಸುಳ್ಳು ಹೇಳಿದರೂ ಮುಖ ನೋಡಿ ಗೊತ್ತಾಗುತ್ತದೆ. ಇಲ್ಲಿ ನಾನು ಮಡಚಿದ್ದೆಲ್ಲಾ ಸರಿ ಅಂತ ನಾನೇ ಅಂದುಕೊಂಡು ತಿರುಗಿದೆ. ಚಿಪ್ಸ್ ಮಾತ್ರ ಕರಗುತ್ತಾ ಹೋಯಿತು.

ಹೊಳೆದಂಡೆ, ಹೊನ್ನಾವರ · ಜುಲೈ 10, ಮಧ್ಯಾಹ್ನ 2:10

ಇದಕ್ಕೆ ನನ್ನದೊಂದು ಸೇರಿಸಿ. ಶುರುವಿನಲ್ಲೇ ಎರಡು ರಾಜ ಬಿಟ್ಟು "ಅವನ ಹತ್ರ ಎಕ್ಕ ಇತ್ತು, ಗ್ಯಾರಂಟಿ" ಅನ್ನುವವರು ನಮ್ಮ ಗುಂಪಿನಲ್ಲೇ ಇಬ್ಬರಿದ್ದಾರೆ. ಒಂಬತ್ತು ಜನರ ಮೇಜಿನಲ್ಲಿ ನಿನಗೆ ಎರಡು ರಾಜ ಬಂದಾಗ ಉಳಿದ ಎಂಟರಲ್ಲಿ ಯಾರಿಗಾದರೂ ಎರಡು ಎಕ್ಕ ಇರುವುದು 25 ಸಲಕ್ಕೆ ಒಂದು ಸಲ, ಅಷ್ಟೇ. ಬಬಲ್ (ಇನ್ನೊಬ್ಬ ಹೊರಬಿದ್ದರೆ ಉಳಿದವರಿಗೆಲ್ಲಾ ಬಹುಮಾನ ಅನ್ನುವ ಹಂತ) ಇಲ್ಲ, ಬಹುಮಾನದ ಮೆಟ್ಟಿಲು ಇಲ್ಲ ಅಂದರೆ ಹಾಕಿ, ಸೋತರೆ ಮಲಗಿ.

ಅಡಿಕೆ ಸಿಪ್ಪೆ · ಜುಲೈ 10, ಮಧ್ಯಾಹ್ನ 2:26

ನನ್ನ ಜೀವನದ ಅತ್ಯುತ್ತಮ ಫೋಲ್ಡ್ ಮಾಡಿದ್ದು ಕರೆಂಟು. ಹೋದ ಮಳೆಗಾಲ, ಸಿರ್ಸಿಯಿಂದ ಒಳಗೆ ನಮ್ಮ ಮನೆ. ಎರಡು ರಾಣಿ ಹಿಡಿದು ಆಲ್-ಇನ್‌ಗೆ ಕಾಲ್ ಒತ್ತಬೇಕು, ಅಷ್ಟರಲ್ಲಿ ಕರೆಂಟ್ ಹೋಯಿತು, ವೈಫೈ ಹೋಯಿತು, ಮೊಬೈಲ್ ನೆಟ್‌ವರ್ಕ್ ಹಿಡಿಯಲು ಹಿತ್ತಲಿನ ದಣಪೆವರೆಗೆ ಓಡಿದೆ. ಬರುವಷ್ಟರಲ್ಲಿ ಸಮಯ ಮುಗಿದು ಎಲೆ ತಾನಾಗಿ ಮಡಚಿಕೊಂಡಿತ್ತು. ಇನ್ನೊಬ್ಬ ಕಾಲ್ ಮಾಡಿದ್ದ. ಒಬ್ಬನ ಬಳಿ ಎರಡು ಎಕ್ಕ, ಇನ್ನೊಬ್ಬನ ಬಳಿ ಎರಡು ರಾಜ! ಒದ್ದೆ ಆಗಿದ್ದಕ್ಕೂ ಬೇಜಾರಾಗಲಿಲ್ಲ.

ಲೆಕ್ಕದ ಮಾಸ್ತರ್, ಕುಮಟಾ · ಜುಲೈ 10, ಸಂಜೆ 6:48

ಈಗ ಎರಡನೆಯ ಆಟ. ದೇವಿಮನೆಯವರ ಮೂರು ಐದು ಮತ್ತು ಇದು ಒಂದೇ ಅಲ್ಲ. ಅಲ್ಲಿ ಸೋಲಿಸುವ ಎಲೆ ಕಡಿಮೆ, ಗೆಲ್ಲುವ ಎಲೆ ಜಾಸ್ತಿ. ಇಲ್ಲಿ ಎಣಿಸಿ ನೋಡೋಣ.

ಕಾಲ್ ಮಾಡಲು ಇನ್ನೂ 28,000 ಬೇಕು. ಗೆದ್ದರೆ ಸಿಗುವುದು 30,000, ನಿನ್ನ 12,000, ಅವನ 40,000, ಒಟ್ಟು 82,000. ಅದಕ್ಕೆ ನೀನು ಹಾಕುವ 28,000 ಸೇರಿದರೆ 1,10,000. 28ನ್ನು 110ರಿಂದ ಭಾಗಿಸಿದರೆ ನೂರಕ್ಕೆ ಇಪ್ಪತ್ತೈದೂವರೆ. ಅಂದರೆ ನಾಲ್ಕು ಸಲಕ್ಕೆ ಒಂದು ಸಲಕ್ಕಿಂತ ಚೂರು ಜಾಸ್ತಿ ಗೆದ್ದರೆ ಚಿಪ್ಸ್ ಲೆಕ್ಕದಲ್ಲಿ ಕಾಲ್ ಸರಿ.

ನಿನ್ನನ್ನು ಸೋಲಿಸುವುದು ಯಾವುದು? ಮೇಜಿನ ಮೇಲೆ ಎರಡು ಒಂಬತ್ತು ಇದೆ, ಅಂದರೆ ಫುಲ್ ಹೌಸ್ (ಒಂದು ಬಗೆಯ ಮೂರು ಎಲೆ, ಇನ್ನೊಂದು ಬಗೆಯ ಎರಡು; ಫ್ಲಶ್‌ಗಿಂತ ಮೇಲು) ಸಾಧ್ಯ. ನಾಲ್ಕರ ಜೋಡಿ ಹಿಡಿದವನು: ಮೂರು ಬಗೆ. ರಾಜ-ಒಂಬತ್ತು ಒಂದೇ ಜಾತಿಯದು: ಡೈಮನ್ ಮತ್ತು ಕಳಾವರ್, ಎರಡು ಬಗೆ. ಎರಡು ಒಂಬತ್ತು ಹಿಡಿದು ನಾಲ್ಕು ಒಂಬತ್ತು ಆದವನು: ಒಂದೇ ಬಗೆ. ಎರಡು ರಾಜ ಇದ್ದಿದ್ದರೆ ಮೊದಲೇ ಏರಿಸುತ್ತಿದ್ದ, ಬಿಡಿ. ಎರಡರ ಜೋಡಿ ಹಿಡಿದವನು ಟರ್ನ್‌ವರೆಗೆ ಬರುವುದೇ ಇಲ್ಲ. ಒಟ್ಟು ಆರು.

ನೀನು ಗೆಲ್ಲುವುದು? ಸಣ್ಣ ಫ್ಲಶ್‌ಗಳು. ಗುಲಾಮ-ಹತ್ತು, ಹತ್ತು-ಎಂಟು, ಎಂಟು-ಏಳು, ಏಳು-ಆರು, ಹೀಗೆ ಆರೇಳು ಬಗೆ ಇದೆ. ಆರಕ್ಕೆ ಎದುರಾಗಿ ಎರಡು ಬಗೆಗಿಂತ ಚೂರು ಜಾಸ್ತಿ ಇದ್ದರೆ ಲೆಕ್ಕ ಸರಿಹೋಗುತ್ತದೆ. ಅಂದರೆ ಸಣ್ಣ ಫ್ಲಶ್ ಹಿಡಿದವರಲ್ಲಿ ಮೂರರಲ್ಲಿ ಒಬ್ಬ ಹೀಗೆ ಆಲ್-ಇನ್ ಹೋಗುವವನಾದರೂ ಸಾಕು. ಸುಳ್ಳು ಆಟಕ್ಕೆ ಜಾಗ ಕಡಿಮೆ. ಇಂಥ ಕಡೆ ಸುಳ್ಳು ಆಡುವವನು ಇಸ್ಪೀಟ್ ಎಕ್ಕ ಒಂದನ್ನು ಇಟ್ಟುಕೊಂಡು ಆಡುತ್ತಾನೆ. ಆ ಎಕ್ಕ ಇರುವುದು ನಿನ್ನ ಕೈಯಲ್ಲಿ. ತಮಾಷೆ ನೋಡು, ನಿನ್ನ ಎಲೆ ದೊಡ್ಡದಾದದ್ದೇ ಅವನು ನಿಜ ಹೇಳುತ್ತಿದ್ದಾನೆ ಅನ್ನುವುದಕ್ಕೆ ಒಂದು ಕಾರಣ.

ಹಾಗಾಗಿ ಚಿಪ್ಸ್ ಲೆಕ್ಕದಲ್ಲಿ ಇದು ಗೆರೆ ಮೇಲೆ ನಿಂತಿದೆ. ಗೆರೆ ಆ ಕಡೆಗಾ ಈ ಕಡೆಗಾ ಅನ್ನುವುದು ಎದುರಿನವನು ಎಂಥವನು ಅನ್ನುವುದರ ಮೇಲೆ. ಅದನ್ನು ಕೋಡಿಬಾಗದವ ಹೇಳಲೇ ಇಲ್ಲ. ಬಹುಮಾನದ ಮೆಟ್ಟಿಲು ಹೇಗಿತ್ತು ಅಂತಲೂ ಹೇಳಲಿಲ್ಲ.

ಕೋಡಿಬಾಗದವ · ಜುಲೈ 10, ರಾತ್ರಿ 8:30

ಸರಿ, ಪೂರ್ತಿ ಹೇಳಿಬಿಡುತ್ತೇನೆ.

ಅವನ ಜೊತೆ ಅದೇ ಮೇಜಿನಲ್ಲಿ ಸುಮಾರು 140 ಕೈ ಆಡಿದ್ದೆ. ರಿವರ್‌ನಲ್ಲಿ ಒಮ್ಮೆಯೂ ಏರಿಸಿದವನಲ್ಲ. ಒಂದು ಸಲ ಗುಲಾಮನ ಫ್ಲಶ್ ಹಿಡಿದೂ ಸುಮ್ಮನೆ ಕಾಲ್ ಮಾಡಿ ತೋರಿಸಿದ್ದ. ಇದು ನನ್ನ ನೋಟ್‌ಬುಕ್‌ನಲ್ಲೇ ಇದೆ, ಆಟದ ನಡುವೆ ಪೆನ್ಸಿಲ್‌ನಲ್ಲಿ ಗೀಚಿದ್ದು: "ಏರಿಸಲ್ಲ, ಬರೇ ಕಾಲ್." ನಾನೇ ಬರೆದದ್ದನ್ನು ನಾನೇ ಓದಲಿಲ್ಲ.

ಬಹುಮಾನ 14ರಿಂದ 10ರವರೆಗೆ ಹೆಚ್ಚುಕಮ್ಮಿ ಒಂದೇ. ಒಂಬತ್ತಕ್ಕೆ, ಅಂದರೆ ಫೈನಲ್ ಮೇಜಿಗೆ ಬಂದರೆ ಎರಡು ಪಟ್ಟು. ನನಗಿಂತ ಸಣ್ಣ ಚಿಪ್ಸ್‌ನವರು ಆರು ಜನ ಇದ್ದರು. ಮಡಚಿದ್ದರೆ ನನ್ನ ಬಳಿ 48,500 ಉಳಿಯುತ್ತಿತ್ತು, 24 ಬಿಗ್ ಬ್ಲೈಂಡ್. ಆರಾಮ.

ಕಾಲ್ ಮಾಡಿದೆ. ನಾಲ್ಕರ ಜೋಡಿ ತೋರಿಸಿದ. ನನ್ನ ಬಳಿ 20,500 ಉಳಿಯಿತು. ಮುಖ ಬಿಸಿಯಾಗಿ ಮುಂದಿನ ಮೂರು ಕೈಯಲ್ಲಿ ಏನೋ ಒಂದು ಹಿಡಿದು ತಳ್ಳಿ 12ನೆಯವನಾಗಿ ಹೊರಬಿದ್ದೆ.

ದೇವಿಮನೆ ತಿರುವು · ಜುಲೈ 10, ರಾತ್ರಿ 8:41

ಹಾಗಾದರೆ ನನ್ನ ಮಾತು ವಾಪಸ್. ಗುಲಾಮನ ಫ್ಲಶ್ ಹಿಡಿದು ಏರಿಸದವನು ಇಲ್ಲಿ ಸಣ್ಣ ಫ್ಲಶ್ ಹಿಡಿದು ಏರಿಸುತ್ತಾನಾ? ಮಾಸ್ತರ್ ಹೇಳಿದ ಆರೇಳು ಬಗೆ ಅಲ್ಲೇ ಸೊನ್ನೆ ಆಯಿತು. ಮಡಚು. ಆದರೆ ಈ ವಿಷಯ ಮುಚ್ಚಿಟ್ಟು ಅಭಿಪ್ರಾಯ ಕೇಳಿದ್ದು ಅನ್ಯಾಯ, ಅಲ್ವಾ?

ಅಡಿಕೆ ಸಿಪ್ಪೆ · ಜುಲೈ 10, ರಾತ್ರಿ 8:55

ನಾನು ಇನ್ನೂ ಪೂರ್ತಿ ಒಪ್ಪಿಲ್ಲ. 140 ಕೈ ಜಾಸ್ತಿ ಏನಲ್ಲ. ಅದರಲ್ಲಿ ರಿವರ್‌ವರೆಗೆ ಬಂದದ್ದು ಎಷ್ಟು, ಹತ್ತು ಹದಿನೈದು? ಹತ್ತು ಸಲ ಏರಿಸಲಿಲ್ಲ ಅಂತ ಹನ್ನೊಂದನೇ ಸಲ ಏರಿಸಬಾರದು ಅಂತ ಇಲ್ಲ. ನಮ್ಮ ಕಡೆ ಚಾಲಿ ಅಡಿಕೆ ದರ ಮೂರು ವಾರ ಇಳಿಯಿತು ಅಂತ ನಾಲ್ಕನೇ ವಾರ ಹೆದರಿ ಎಲ್ಲಾ ಮಾರಿ, ಐದನೇ ವಾರ ತಲೆ ಮೇಲೆ ಕೈ ಹೊತ್ತವರು ಬೇಕಾದಷ್ಟು ಜನ ಇದ್ದಾರೆ. ನಾನೂ ಅದರಲ್ಲಿ ಒಬ್ಬ.

ಹೊಳೆದಂಡೆ, ಹೊನ್ನಾವರ · ಜುಲೈ 10, ರಾತ್ರಿ 9:03

ಅಡಿಕೆ ದರಕ್ಕೆ ಯಾರ ಮುಖವೂ ಇಲ್ಲ ಸಿಪ್ಪೆ. ಇವನ ಮುಖ ಕಾಣದಿದ್ದರೂ ಚಾಳಿ ಕಾಣುತ್ತದೆ. ತೆಪ್ಪಗೆ ಕಾಲ್ ಮಾಡಿಕೊಂಡು ಬಂದವನು ಒಮ್ಮೆಲೇ ಎಲ್ಲಾ ತಂದು ಸುರಿದರೆ ಅದು ಹತ್ತು ಸಲದ ಲೆಕ್ಕ ಅಲ್ಲ, ಅವನೇ ಕೂಗಿ ಹೇಳಿದ ಹಾಗೆ. ಬಾಯಿಬಡುಕ ಏರಿಸಿದರೆ ನಾನು ಎರಡನೇ ದೊಡ್ಡ ಫ್ಲಶ್ ಹಿಡಿದೂ ಕಾಲ್ ಮಾಡುತ್ತೇನೆ.

ಲೆಕ್ಕದ ಮಾಸ್ತರ್, ಕುಮಟಾ · ಜುಲೈ 10, ರಾತ್ರಿ 9:30

ಸಿಪ್ಪೆ ಹೇಳಿದ್ದರಲ್ಲಿ ಸತ್ಯ ಇದೆ, 140 ಕೈ ಕಡಿಮೆಯೇ. ಆದರೆ ಗೆರೆ ಮೇಲೆ ನಿಂತ ಲೆಕ್ಕವನ್ನು ಒಂದು ಕಡೆ ತಳ್ಳಲು ಅಷ್ಟು ಸಾಕು. ಜೊತೆಗೆ ಒಂಬತ್ತನೇ ಸ್ಥಾನದ ಮೆಟ್ಟಿಲು. ನಿನ್ನ ಹಿಂದೆ ಆರು ಜನ ಸಣ್ಣವರಿದ್ದಾಗ ಕಳೆದುಕೊಳ್ಳುವ 28,000 ಗೆಲ್ಲುವ 28,000ಕ್ಕಿಂತ ಭಾರ. ಇಪ್ಪತ್ತೈದೂವರೆ ಸಾಲುವುದಿಲ್ಲ, ಅದಕ್ಕಿಂತ ಮೇಲೆ ಬೇಕು. ಅದೇ ಕೈ ಎರಡನೇ ಲೆವೆಲ್‌ನಲ್ಲಿ, ಗುರುತಿಲ್ಲದವನ ಮುಂದೆ ಬಂದಿದ್ದರೆ ನಾನು ಕಾಲ್ ಮಾಡಿ ಸೋತು ನಗುತ್ತಿದ್ದೆ.

ಇನ್ನೊಂದು. ಅವನು ನಾಲ್ಕರ ಜೋಡಿ ತೋರಿಸಿದ ಅಂತ ನಿನ್ನ ಕಾಲ್ ತಪ್ಪಾದದ್ದಲ್ಲ. ಎಂಟು-ಏಳು ತೋರಿಸಿದ್ದರೂ ತಪ್ಪೇ. ಪೆನ್ಸಿಲ್‌ನಲ್ಲಿ ಬರೆದದ್ದನ್ನು ಓದದೇ ಒತ್ತಿದೆಯಲ್ಲ, ಅಲ್ಲಿದೆ ತಪ್ಪು. ಮತ್ತು ಆ ಮೂರು ಕೈ ಮುಖ ಬಿಸಿ ಮಾಡಿಕೊಂಡು ತಳ್ಳಿದ್ದು, ಅದನ್ನು ನೀನು ಒಂದೇ ಸಾಲಿನಲ್ಲಿ ದಾಟಿಬಿಟ್ಟೆ. ಹತ್ತು ಬಿಗ್ ಬ್ಲೈಂಡ್ ಇತ್ತು, ಸರಿಯಾದ ಎಲೆ ಹಿಡಿದು ತಳ್ಳಲು ಬೇಕಾದಷ್ಟು ಸಮಯ ಇತ್ತು. ನನ್ನ ಪ್ರಕಾರ ಫ್ಲಶ್‌ಗಿಂತ ದೊಡ್ಡ ನಷ್ಟ ಅದು.

ಬೈತಖೋಲ್ ಬೋಟ್ · ಜುಲೈ 10, ರಾತ್ರಿ 9:52

ಮಾಸ್ತರ್ ಸಿಕ್ಕಿದ ಅಂತ ಚೆನ್ನಾಗಿ ಬಾರಿಸಿದರು.

ಅಂದಹಾಗೆ ಗೋವಾ ಟಿಕೆಟ್ ಏನಾಯಿತು? ಹೋದೆಯಾ?

ಕೋಡಿಬಾಗದವ · ಜುಲೈ 10, ರಾತ್ರಿ 10:10

ಹೋಗಿದ್ದೆ. ಬೆಳಿಗ್ಗೆ ಬಸ್ ಹಿಡಿದು ಹೊರಟೆ, ಮಧ್ಯಾಹ್ನ ಕೂತೆ, ರಾತ್ರಿ ಎಂಟರೊಳಗೆ ಔಟ್. ಹೇಗೆ ಅಂತ ಕೇಳಬೇಡಿ. ಎರಡು ರಾಜ. ಈ ಸಲ ಮಡಚಲಿಲ್ಲ, ಮಡಚುವ ಜಾಗವೂ ಅದಾಗಿರಲಿಲ್ಲ. ಎದುರಿನವನ ಎಕ್ಕ-ಹತ್ತಕ್ಕೆ ರಿವರ್‌ನಲ್ಲಿ ಎಕ್ಕ ಬಂತು. ತಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ.

ಅಡಿಕೆ ಸಿಪ್ಪೆ · ಜುಲೈ 10, ರಾತ್ರಿ 10:14

ನಿನ್ನ ತಮ್ಮ ಈ ಗುಂಪಿನಲ್ಲಿ ಇದ್ದಾನೆ ಮಾರಾಯ.

ಬೈತಖೋಲ್ ಬೋಟ್ · ಜುಲೈ 10, ರಾತ್ರಿ 10:20

ಭಾನುವಾರದ ಆಟ ಒಂಬತ್ತಕ್ಕೇ ಇಡಿ, ಹತ್ತಕ್ಕೆ ಬೇಡ. ಆಗಸ್ಟ್ 1ಕ್ಕೆ ಬೋಟ್ ಹೊರಡುತ್ತದೆ, ಆಮೇಲೆ ನಾನು ಸಿಗುವುದು ಅಪರೂಪ. ಸಿಪ್ಪೆ, ಮೊಬೈಲ್ ಚಾರ್ಜ್ ಮಾಡಿಟ್ಟುಕೊ.